ಕಾಡು ಸುತ್ತಿ ಬಂದ ಗುಳೇದಗುಡ್ಡದ ಖಣ

ಹೊಸ ನಾಡಿನ ನಿಸರ್ಗವನ್ನು ಮನಸಾರೆ ಪ್ರೀತಿಸಿದವನು ಮಾತ್ರ ಆ ನಾಡಿನವನಾಗಬಲ್ಲ ಎಂದು ಅನುಭವಿಗಳು ಹೇಳುತ್ತಾರೆ. ನನಗೆ ಇದನ್ನು ಹೇಳಿದ ಅನುಭವಿ ಸೈಕಲ್ ಅಂಗಡಿ ಇಟ್ಟಿದ್ದ. ಎರಡು ಹಳೆಯ ಸೈಕಲ್ಲು ಕೊಂಡು ಮನೆಗೆ ಬಂದೆ.

ಇಳಕಲ್ಲಿನ ಮಗ್ಗದ ಓಣಿಯಲ್ಲಿ ಹುಟ್ಟಿದ ನಾನು ಎಪ್ಪತ್ತರ ದಶಕದ ನಡುವೆ ಸ್ವೀಡನ್ನಿನ ಬಟ್ಟೆ ಗಿರಣಿಯೊಂದಕ್ಕೆ ಮಗ್ಗ ರಿಪೇರಿಯ ಕೆಲಸಕ್ಕೆ ಬಂದವನು. ಹೆಂಡತಿ ಗಿರಿಜಾ ಮರುವರ್ಷ ಬಂದಳು. ಆಗ ಚಳಿಗಾಲ, ಮಧ್ಯಾಹ್ನದ ಚಹಾದ ಹೊತ್ತಿಗೇ ದೀಪ ಹಚ್ಚಬೇಕು. ನೆರೆಯವರು ಮೆಟ್ಟಿಲ ಮೇಲೆ ನಮ್ಮ ಸಪ್ಪಳ ಕೇಳಿದರೆ ಅದು ಅಡಗುವ ತನಕ ಬಾಗಿಲು ತೆಗೆಯುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ನಮಗೆ ಕೊಟ್ಟ ಮರ್ಯಾದೆ. ಹಿಮ ಕರಗುವಷ್ಟರಲ್ಲಿ ಗಿರಿಜಾ ಒಲೆಯ ಜೊತೆ ಮಾತಾಡಲು ಶುರು ಮಾಡಿದ್ದಳು.

“ಈ ಒಂದು ಬ್ಯಾಸಗಿ ನೋಡ್ತೇನ್ರಿ,” ಅಂದಳು ಒಂದು ದಿನ. “ಯಾರರ ಒಬ್ಬರು ‘ಒಳಗ ಬಾ’ ಅಂದ್ರ ಇರ್ತೇನಿ. ಇಲ್ಲಾಂದ್ರ ನನ್ನ ಊರಿಗೆ ಕಳಿಸಿಬಿಡ್ರಿ.”

ಸೈಕಲ್ ಯೋಜನೆ ಹುಟ್ಟಿದ್ದು ಈ ಮಾತಿನಿಂದ. ಗಿರಣಿಯ ಸಹೋದ್ಯೋಗಿ ಲಾರ್ಸ್ ನಕಾಶೆ ಹಾಸಿ, ಸರೋವರದ ಸುತ್ತ, ಪೈನ್ ಮರಗಳ ಕಾಡಿನೊಳಗಿಂದ ಪೆನ್ಸಿಲಿನಲ್ಲಿ ದುಂಡಗೆ ದಾರಿ ಎಳೆದ. ಆ ಗೆರೆ ಎಲ್ಲ ಹಳ್ಳಿಗಳಿಂದಲೂ ಜಾಣತನದಿಂದ ತಪ್ಪಿಸಿಕೊಂಡಿತ್ತು.

“ಇಲ್ಲಿ ತುಂಬಾ ಚೆನ್ನಾಗಿದೆ. ಯಾರೂ ಇರುವುದಿಲ್ಲ,” ಅಂದ. ಇಲ್ಲಿಯವರ ಬಾಯಲ್ಲಿ ಒಂದು ಜಾಗಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ‘ಆಲೆಮಾನ್ಸ್‌ರೆಟ್’ ಎಂಬುದನ್ನು ವಿವರಿಸಿದ: ಯಾರದೇ ಕಾಡಿಗೆ ಯಾರೂ ಹೋಗಬಹುದು, ಹಣ್ಣು ಹರಿಯಬಹುದು, ಒಂದು ರಾತ್ರಿ ಡೇರೆ ಹೊಡೆದು ಮಲಗಬಹುದು, ಮನೆಯ ಅಂಗಳದಿಂದ ಮಾತ್ರ ದೂರ ಇರಬೇಕು. ನಮ್ಮ ಹುನಗುಂದದ ಕಡೆ ಪರರ ಹೊಲದಲ್ಲಿ ಒಂದು ಮೆಣಸಿನಕಾಯಿ ಹರಿದರೆ ಮುತ್ತ್ಯಾನ ಕಾಲದ ಜಗಳ ಎದ್ದು ಕೂರುತ್ತದೆ. ಆದರೆ ಅದೇ ಹೊಲದವನ ಮನೆ ಮುಂದೆ ಚಹಾ ಕುಡಿಯದೆ ಹಾದುಹೋದರೆ ಇನ್ನೂ ದೊಡ್ಡ ಜಗಳ.

“ಊಟ ಕಟ್ಟಿಕೊಳ್ಳಿ,” ಅಂದ ಲಾರ್ಸ್.

ಮನೆಗೆ ಬಂದು ಅವನ ಗೆರೆ ಅಳಿಸಿದೆ. ಹಳ್ಳಿಯಿಂದ ಹಳ್ಳಿಗೆ, ಮನೆಯಿಂದ ಮನೆಗೆ ಹೊಸ ಗೆರೆ ಎಳೆದೆ. ಸರೋವರದ ತಿರುವಿನ ಊರಿಗೆ ಗಿರಿಜಾ ಹುನಗುಂದ ಎಂದು ಹೆಸರಿಟ್ಟಳು. ಚರ್ಚು ಇದ್ದದ್ದು ಹನುಮಪ್ಪನ ತುಳಸಿಗೇರಿ. ಅಂಗಡಿ ಇದ್ದದ್ದು ಕೆರೂರ, ಕೊನೆಯದು ಬಾದಾಮಿ.

“ಕೆರೂರಾಗ ಚಾ ಆಗತೈತಿ,” ಅಂದೆ. “ಊಟದ ಹೊತ್ತಿಗೆ ಬಾದಾಮಿ.”

“ಮಂದಿ ಮನಿಗೆ ಬರಿಗೈಲೆ ಹೋಗೂದೇನ್ರಿ?”

ಊರಿಂದ ತಂದ ಕರದಂಟಿನಲ್ಲಿ ಉಳಿದದ್ದನ್ನು ಪೊಟ್ಟಣ ಕಟ್ಟಿದಳು. ಕರೆದ ಮನೆಯಾಕೆಗೆ ಕೊಡಲೆಂದು ಗುಳೇದಗುಡ್ಡದ ಖಣದ ಕುಪ್ಪಸದ ಬಟ್ಟೆ ಎರಡು, ಜೊತೆಗೆ ಕುಂಕುಮ. ನಮಗೆಂದು ರೊಟ್ಟಿಯ ಚೂರೂ ಕಟ್ಟಲಿಲ್ಲ. ದಾರಿಯಲ್ಲಿ ಊರುಗಳಿರುವಾಗ ಬುತ್ತಿ ಒಯ್ಯುವುದು ಆ ಊರುಗಳಿಗೆ ಬೈದಂತೆ.

ಗಿರಿಜಾ ಸೈಕಲ್ ಕಲಿತದ್ದೂ ಇಲ್ಲಿಯೇ, ನಾವಿದ್ದ ಕಟ್ಟಡದ ಹಿಂದಿನ ಬಯಲಲ್ಲಿ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಹೊರಟ ದಿನ ಕಾಡು ನಿಜಕ್ಕೂ ಚಂದವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ದೂರಲು ಬೇರೆ ಬೇಕಾದಷ್ಟಿದೆ.

ನಕಾಶೆಯ ಹುನಗುಂದದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮುದುಕ ಕೈ ಎತ್ತಿದ. ನಾವು ಇಳಿದೆವು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತುಳಸಿಗೇರಿಯಲ್ಲಿ ದೇವರಿಗೂ ಬೀಗ. ಕೆರೂರಿನ ಅಂಗಡಿ ಭಾನುವಾರವಾದ್ದರಿಂದ ಮುಚ್ಚಿತ್ತು.

ಬಾದಾಮಿಯಲ್ಲಿ ಕೆಂಪು ಬಣ್ಣದ ಕಟ್ಟಿಗೆ ಮನೆಯ ಮುಂದೆ ಒಬ್ಬ ಹೆಂಗಸು ಹೂಗಿಡಕ್ಕೆ ನೀರು ಹಾಕುತ್ತಿದ್ದಳು. ಕುಡಿಯಲು ನೀರು ಕೇಳಿದೆ. ಗಾಜಿನ ಹೂಜಿ ತುಂಬಿ ಗೇಟಿನ ತನಕ ತಂದುಕೊಟ್ಟಳು. ಕೆಟ್ಟವಳಲ್ಲ. ಕಾಡಿನ ಹಣ್ಣು ಎಲ್ಲಿ ಸಿಗುತ್ತದೆ, ಯಾವ ಬಂಡೆಯ ಮೇಲೆ ಕೂತರೆ ಸರೋವರ ಪೂರ್ತಿ ಕಾಣುತ್ತದೆ, ಎಲ್ಲ ನಗುನಗುತ್ತ ಹೇಳಿದಳು. ಗಿರಿಜಾಳ ಮುಖ ಅರಳಿತು. ಚೀಲದಿಂದ ಖಣ ತೆಗೆದು ಎರಡೂ ಕೈಯಿಂದ ಗೇಟಿನ ಮೇಲಿಂದ ಚಾಚಿದಳು.

ಆ ಹೆಂಗಸು ಬಟ್ಟೆಯನ್ನು ನೋಡಿದಳು, ನಮ್ಮ ಚೀಲವನ್ನು ನೋಡಿದಳು. “ಚೆನ್ನಾಗಿದೆ. ಆದರೆ ಬಾಗಿಲಿಗೆ ಬಂದವರ ಹತ್ತಿರ ನಾವು ಏನೂ ಕೊಳ್ಳುವುದಿಲ್ಲ,” ಅಂದಳು.

ಅದು ಮಾರಾಟಕ್ಕಲ್ಲ ಎಂದು ನಾನು ನನ್ನ ಅರೆಬರೆ ಸ್ವೀಡಿಷ್‌ನಲ್ಲಿ ಹೇಳಿದೆ. ಪುಕ್ಕಟೆ ಎಂದಾಗ ಆಕೆ ಇನ್ನಷ್ಟು ಹೆದರಿ ಒಳಗೆ ನಡೆದಳು.

“ಏನಂದ್ಲು?” ಗಿರಿಜಾ ಕೇಳಿದಳು.

ಹೇಳಿದೆ. ಸುಳ್ಳು ಹೇಳಬಹುದಿತ್ತು.

“ನಮ್ಮಪ್ಪ ನೇದ್ರೂ ಓಣಿ ಓಣಿ ತಿರುಗಿ ಮಾರಿದಾವಲ್ಲ,” ಅಂದಳು. ಖಣವನ್ನು ಮಡಿಕೆ ತಪ್ಪದಂತೆ ಚೀಲಕ್ಕೆ ಹಾಕಿದಳು. ಆ ಬಂಡೆಯ ಮೇಲೆ ಕೂತು, ಮಂದಿಗೆಂದು ಕಟ್ಟಿದ ಕರದಂಟು ನಾವೇ ತಿಂದೆವು. ಸರೋವರ ಪೂರ್ತಿ ಕಾಣುತ್ತಿತ್ತು.

“ಹೇಗಿತ್ತು?” ಮರುದಿನ ಲಾರ್ಸ್ ಕೇಳಿದ.

“ಯಾರೂ ಇರಲಿಲ್ಲ.”

“ನಾನು ಹೇಳಿರಲಿಲ್ಲವೇ?” ಎಂದು ಹೆಮ್ಮೆಯಿಂದ ನಕ್ಕ.

ನಾಲ್ಕು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಹೋದ ಸಲ ಇಳಕಲ್ಲಿನಿಂದ ಬಾದಾಮಿಗೆ ಸೈಕಲ್ಲಿನಲ್ಲಿ ಹೊರಟೆ. ಹುನಗುಂದ ದಾಟುವುದರೊಳಗೆ ಮನೆ ಮನೆಗೆ ಕರೆದು ಚಹಾ ಕುಡಿಸಿದರು. ಬಿಸಿಲು ಇಳಿದ ಮೇಲೆ ಅಲ್ಲಿಂದಲೇ ಹಿಂದಕ್ಕೆ ಬಂದೆ. “ಒಂದು ಗಳಿಗಿ ಒಬ್ಬನ್ನ ಬಿಡೂದಿಲ್ಲಲ್ಲ ಈ ಮಂದಿ,” ಎಂದು ಸಿಟ್ಟಿನಿಂದ ಸೈಕಲ್ಲು ಒರಗಿಸಿದೆ. ಗಿರಿಜಾ ನನ್ನನ್ನೇ ನೋಡಿದಳು.

“ನೀವು ಅಲ್ಲಿಯವರ ಆದ್ರಿ ಬಿಡ್ರಿ,” ಅಂದಳು.

ಇಲ್ಲಿಯವರು ಇನ್ನೂ ಹಾಗೆ ಹೇಳಿಲ್ಲ.

ಸರೋವರ ಸುತ್ತಿದ ಆ ಬೇಸಿಗೆ ಮುಗಿಯುವ ಮೊದಲೇ ಅವಳು ಖಣಗಳನ್ನು ತೆಗೆದುಕೊಂಡು ಊರಿಗೆ ಹೋಗಿದ್ದಳು. ಈಗ ಅವಳು ಇಳಕಲ್ಲಿನಲ್ಲಿದ್ದಾಳೆ, ನಾನು ಇಲ್ಲಿದ್ದೇನೆ. ಅವಳ ಸೈಕಲ್ಲನ್ನು ಲಾರ್ಸನ ಮಗಳು ಓಡಿಸುತ್ತಾಳೆ.