ಅಳಿಯನ ಸಿಲಿಂಡರು

ಡಚ್ಚರ ದೇಶದ ಆಮರ್ಸ್‌ಫೋರ್ಟಿನಲ್ಲಿರೋ ಮಗಳ ಮನೆಗೆ ಹೋದ ಮಾರನೇ ದಿನವೇ ಗೊತ್ತಾಯ್ತು, ನಮ್ಮ ಅಳಿಯ ಮನೆಯಲ್ಲೇ ಬಿಯರ್ ಕಾಯಿಸ್ತಾನೆ ಅಂತ. ಅವನಮ್ಮ ಮೈಸೂರಲ್ಲಿ ‘ನನ್ನ ಮಗ ಕಾಫೀನೂ ಮುಟ್ಟಲ್ಲ’ ಅಂತ ಬೀದಿಗೆಲ್ಲ ಸಾರಿದವಳು! ಸ್ಟೋರ್ ರೂಮಿನ ಫ್ರಿಜ್ಜಿನಲ್ಲಿ ಬಿಯರ್ ತುಂಬಿದ ಸ್ಟೀಲ್ ಡ್ರಮ್ಮು, ಪಕ್ಕದಲ್ಲಿ ಗ್ಯಾಸ್ ಸಿಲಿಂಡರು, ಎರಡಕ್ಕೂ ಒಂದು ಪೈಪು. ಮೂರನೇ ವಾರ ಒಂದು ದಿನ ನೋಡಿದರೆ ಸಿಲಿಂಡರ್ ತೆರೆದೇ ಇತ್ತು. ನಲವತ್ತು ವರ್ಷ ಒಲೆ ಮುಂದೆ ನಿಂತವಳ ಕೈ ಸುಮ್ಮನಿರುತ್ತಾ? ಮುಚ್ಚಿದೆ.

ಆ ಶನಿವಾರ ಸಂಜೆ ಐದಕ್ಕೆ ಅಲ್ಲಿನ ಕನ್ನಡದವರು, ಪಕ್ಕದ ಮನೆ ಡಚ್ ದಂಪತಿ, ಎಲ್ಲ ಅವನ ಬಿಯರ್ ಕುಡಿಯೋಕೆ ಬರುವವರಿದ್ದರು. ಮೂರಕ್ಕೆ ರುಚಿ ನೋಡಿದ ಅಳಿಯನ ಮುಖ ಕಷಾಯ ಕುಡಿದ ಹಾಗಾಯ್ತು.

“ಒಂದು ಗುಳ್ಳೇನೂ ಇಲ್ಲ! ವಾರವೆಲ್ಲ ಗ್ಯಾಸ್ ಹಿಡೀಬೇಕಿತ್ತು. ಯಾರು ಮುಚ್ಚಿದ್ದು?”

“ನಾನೇ. ಮನೆ ಸುಟ್ಟುಹೋಗಲಿ ಅಂತ ಬಿಡಬೇಕಿತ್ತಾ?”

“ಅತ್ತೆ, ಅದು ಉರಿಯೋ ಗ್ಯಾಸಲ್ಲ. ಸೋಡಾಕ್ಕೆ ಹಾಕೋದು!”

“ಹಾಗಾದ್ರೆ ಸೋಡಾನೇ ಕೊಡಪ್ಪ, ಮರ್ಯಾದೆ ಉಳಿಯುತ್ತೆ.”

“ಅಮ್ಮಾ, ಸಾಕು!” ಅಂತ ಮಗಳು ನನ್ನ ಮೇಲೇ ಹಾರಿದಳು.

ಗ್ಯಾಸ್ ಜೋರು ಮಾಡಿ ಡ್ರಮ್ ಅಲ್ಲಾಡಿಸಿದರೆ ಬೇಗ ಹಿಡಿಯುತ್ತಂತೆ. ಅವನು ಗ್ಲಾಸ್ ತೊಳೆಯೋಕೆ, ಇವಳು ಬೋಂಡಾ ಕರಿಯೋಕೆ ಹೋದರು. ಆ ತಣ್ಣನೆ ಡ್ರಮ್ಮನ್ನು ತೊಟ್ಟಿಲ ಹಾಗೆ ಒಂದು ಗಂಟೆ ತೂಗಿದವಳು ನಾನು.

ಐದಕ್ಕೆ ನೊರೆ ಉಕ್ಕಿತು. ಡಚ್ಚಿನವನು ಗ್ಲಾಸ್ ಎತ್ತಿ ಹೊಗಳಿದ. ಅಳಿಯ ನನ್ನತ್ತ ಕೈ ತೋರಿಸಿ, “ಎಲ್ಲ ನಮ್ಮತ್ತೆ ಕೈಗುಣ” ಅಂದುಬಿಟ್ಟ. ಯಾರೋ ಅದನ್ನು ವಿಡಿಯೋ ಮಾಡಿ ಊರಿಗೆ ಕಳಿಸಿದ್ದಾರೆ. ಈಗ ನಮ್ಮ ಭಜನೆ ಮಂಡಳಿಯವರು ಒಬ್ಬೊಬ್ಬರಾಗಿ ಫೋನ್ ಮಾಡಿ ನನ್ನ ಆರೋಗ್ಯ ವಿಚಾರಿಸ್ತಿದ್ದಾರೆ. ಬಂದು ತಿಂಗಳಾಗ್ತಾ ಬಂತು, ಇಷ್ಟು ದಿನ ಒಬ್ಬಳಿಗೂ ನನ್ನ ನೆನಪಿರಲಿಲ್ಲ.