ಬೆರಿಲ್ ನೋಡಿದ ಬೆನ್ನು

ಟಲ್ಲಬುಂಗ್ ಊರಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವವಳು ಬೆರಿಲ್ ಕಾಸ್ಟಿನ್ ಒಬ್ಬಳೇ. ಯಾರೇ ಚಿತ್ರ ತಂದರೂ ಅವಳು ಮೊದಲು ಅದನ್ನು ಬೋರಲು ಹಾಕುತ್ತಿದ್ದಳು. ಜನ ಮುಂಭಾಗದಲ್ಲಿ ಸಹಿ ಹಾಕುತ್ತಾರೆ, ಹಿಂಭಾಗದಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ಮೂವತ್ತು ವರ್ಷಗಳಲ್ಲಿ ಅವಳು ಕಂಡುಕೊಂಡದ್ದು.

ಊರಿನ ಕೃಷಿ ಪ್ರದರ್ಶನದಲ್ಲಿ ಕುರಿ, ಕುಂಬಳಕಾಯಿ, ಕೇಕುಗಳ ಜೊತೆ ಚಿತ್ರಗಳಿಗೂ ಸ್ಪರ್ಧೆ. ಹೆಸರು, ಶೀರ್ಷಿಕೆ ಬರೆದ ಚೀಟಿಯನ್ನು ಚಿತ್ರದ ಬೆನ್ನಿಗೆ ಅಂಟಿಸಬೇಕು. ಗೆದ್ದವು ಗೋಡೆಗೆ, ಸೋತವು ಯಾರ ಕಣ್ಣಿಗೂ ಬೀಳದೆ ವೇದಿಕೆಯ ಅಡಿಗೆ. ಸೋತವರು ಮರುವರ್ಷ ಅದೇ ಚಿತ್ರಕ್ಕೆ ಹೊಸ ಚೀಟಿ ಅಂಟಿಸಿ ತರುವುದು ವಾಡಿಕೆ. ಪೋಸ್ಟ್‌ಮಾಸ್ಟರರ ‘ಮುಂಜಾವು’ ಮರುವರ್ಷ ‘ಮುಸ್ಸಂಜೆ’ಯಾಯಿತು, ಮೂರನೆಯ ವರ್ಷ ‘ಕಾಡ್ಗಿಚ್ಚು’. ಸೂರ್ಯ ಮಾತ್ರ ಇದ್ದಲ್ಲೇ ಇದ್ದ.

ಒಂದು ವರ್ಷ ಊರಿನ ಕೌನ್ಸಿಲ್ಲಿನ ಅಧ್ಯಕ್ಷ ಕ್ಲೈವ್ ಪಾಕ್ನೆಲ್ ಹೊಸ ಕಲಾಶಾಲೆಗೆ ತನ್ನ ತಾಯಿ, ದಿವಂಗತ ಹೊನೋರಿಯಾಳ ಹೆಸರಿಡಿಸಿದ. ಹಿಂದೆ ಇದೇ ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ತಂದುಕೊಟ್ಟಿದ್ದ, ಹಲಗೆಯ ಮೇಲೆ ಬಿಡಿಸಿದ ಚಿತ್ರವನ್ನು ಬೆರಿಲ್‌ಳ ಮೇಜಿನ ಮೇಲಿಟ್ಟ.

“ಹಿಂದೆಲ್ಲ ಗಲೀಜಾಗಿದೆ. ಒಂದು ಕಂದು ಕಾಗದ ಅಂಟಿಸಿಬಿಡಮ್ಮ. ಶನಿವಾರ ಉದ್ಘಾಟನೆ.”

ಅವನು ಹೋದ ಮೇಲೆ ಬೆರಿಲ್ ಹಲಗೆಯನ್ನು ಬೋರಲು ಹಾಕಿದಳು. ‘ನಮ್ಮ ಎಸ್ಟೇಟು, ಹೊನೋರಿಯಾ ಪಾಕ್ನೆಲ್, 1954.’ ಚೀಟಿ ದಪ್ಪಗಿತ್ತು. ಒರಟು ಹಲಗೆಗೆ ಕಚ್ಚಿದ ಚೀಟಿಯನ್ನು ಕೀಳುವುದು ಕಷ್ಟ. ಅವಸರದವರು ಅದರ ಮೇಲೆಯೇ ಇನ್ನೊಂದನ್ನು ಅಂಟಿಸುತ್ತಾರೆ. ಬೆರಿಲ್ ಚೀಟಿಗೆ ಕೆಟಲಿನ ಹಬೆ ಹಿಡಿದಳು. ಅದು ಎದ್ದು, ಅಡಿಯಲ್ಲಿ ಇನ್ನೊಂದು ಚೀಟಿ ಕಂಡಿತು: ‘ಅಡುಗೆಮನೆ ಕಿಟಕಿಯಿಂದ, ಎಲ್ಮಾ ಹಾಸ್ಕೆಟ್, 1953.’ ಅದರ ಮೇಲೆ ತೀರ್ಪುಗಾರರ ಕೆಂಪು ಪೆನ್ಸಿಲಿನಲ್ಲಿ ದೊಡ್ಡದೊಂದು ‘1’, ಮೊದಲ ಬಹುಮಾನದ ಗುರುತು.

ಎಲ್ಮಾ ಪಾಕ್ನೆಲ್ಲರ ಮನೆಯ ಅಡುಗೆಯವಳಾಗಿದ್ದವಳು. ಆ ಕಾಲದಲ್ಲಿ ತೀರ್ಪುಗಾರರ ಗುರುತು ನೋಡಿ ಫಲಿತಾಂಶ ಓದುತ್ತಿದ್ದ ಪ್ರದರ್ಶನದ ಕಾರ್ಯದರ್ಶಿ ಹೊನೋರಿಯಾಳೇ.

ಬೆರಿಲ್ ಚಿತ್ರವನ್ನು ಹೊತ್ತು ವೃದ್ಧಾಶ್ರಮಕ್ಕೆ ಹೋದಳು.

“ಏನೇ, ಇನ್ನೂ ಸಾಯ್ಲಿಲ್ವಾ ಅಂತ ನೋಡೋಕ್ ಬಂದ್ಯಾ?” ಎಂದಳು ಎಲ್ಮಾ. ಚಿತ್ರ ಕಂಡು ಮುಖ ತಿರುಗಿಸಿದಳು. “ನಂದೇ ಅದು. ಸೋತಿದೆ ಎಲ್ಮಾ, ನಾನೇ ಇಟ್ಕೋತೀನಿ ಬಿಡು ಅಂದ್ರು ಅಮ್ಮಾವ್ರು. ಮರುವರ್ಷ ಅವ್ರ ಹೆಸರಲ್ಲಿ ಗೆಲ್ತು. ಗೆಲ್ಲೋದು ಹೆಸರೇ ಅಂದ್ಕೊಂಡು ಸುಮ್ಮನಾದೆ.”

ಬೆರಿಲ್ ಹಲಗೆ ತಿರುಗಿಸಿದಳು. ಎಲ್ಮಾಳ ಬೆರಳು ಕೆಂಪು ‘1’ರ ಮೇಲೆ ನಿಂತಿತು.

“ಐವತ್ಮೂರರಲ್ಲೇ ಗೆದ್ದಿತ್ತಾ?”

“ಐವತ್ಮೂರರಲ್ಲೇ.”

ಎಲ್ಮಾ ಬೆರಳು ಹಿಂದೆಗೆದಳು. “ಆಮೇಲೆ ನಾನು ಬ್ರಷ್ ಮುಟ್ಲಿಲ್ಲ ಕಣೆ. ಬರೀ ಕುರಿಮಾಂಸ ಬೇಯಿಸ್ದೆ.” ಬಳಿಕ ಕೇಳಿದಳು, “ಕಾಗದ ಅಂಟಿಸ್ತೀಯಾ?”

“ಅಂಟಿಸ್ದಿದ್ರೆ ಕೌನ್ಸಿಲ್ ಕೊಡೋ ಕೆಲಸ ಹೋಗುತ್ತೆ.”

“ಹಾಗಾದ್ರೆ ಅಂಟಿಸು. ನಿನಗೂ ಹೊಟ್ಟೆ ಇದೆಯಲ್ಲ.” ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಬೆರಿಲ್‌ಗೆ ಕಾಗದ ಅಂಟಿಸುವುದು ಸುಲಭವಾಗುತ್ತಿತ್ತು.

ಶನಿವಾರ ಕಲಾಶಾಲೆಯಲ್ಲಿ ಚಿತ್ರ ಗೋಡೆಯ ಮೇಲಿರಲಿಲ್ಲ. ಬೆರಿಲ್ ಅದನ್ನು ಕೋಣೆಯ ನಡುವೆ ಎರಡು ತಂತಿಗಳಲ್ಲಿ ತೂಗುಹಾಕಿದ್ದಳು. ಹೊಸ ಬಗೆಯ ಅಲಂಕಾರವೆಂದು ಕ್ಲೈವ್ ತಲೆದೂಗಿ, ತಾಯಿಯ ಕೋಮಲ ಬೆರಳುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಭಾಷಣ ಮುಗಿಯುವ ಮೊದಲೇ ಜನ ಕೇಕಿನ ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಚಿತ್ರದ ಹಿಂದಕ್ಕೆ ಸರಿದರು. ಅಲ್ಲಿ ಕಂದು ಕಾಗದವಿರಲಿಲ್ಲ, ಎರಡೂ ಚೀಟಿಗಳು ಪಕ್ಕಪಕ್ಕದಲ್ಲಿದ್ದವು. ಗಾಲಿಕುರ್ಚಿಯಲ್ಲಿ ಎಲ್ಮಾ.

ಕ್ಲೈವ್ ಕೊನೆಯಲ್ಲಿ ಬಂದ. “ಇದೆಲ್ಲ ನಕಲಿ! ಯಾರು ಬರೆದದ್ದಿದು?”

“ಕನ್ನಡಕ ಹಾಕ್ಕೊಂಡು ನೋಡು ಮರಿ,” ಎಂದಳು ಎಲ್ಮಾ. “ನನ್ನ ಚೀಟಿ ಮೇಲೆ ಅಂಟಿಸಿದ್ದ ಐವತ್ನಾಲ್ಕರ ಚೀಟಿಯ ಅಕ್ಷರ ಗುರುತು ಸಿಗುತ್ತಾ?”

ಅವನು ಹಾಕಿಕೊಂಡು ಬಗ್ಗಿದ. ಮುಖ ತಾನಾಗಿ ಮೆತ್ತಗಾಯಿತು.

“ಅಮ್ಮಂದೇ,” ಎಂದ, ಎಲ್ಲರಿಗೂ ಕೇಳುವಂತೆ.