ಎರಡೂ ಕಣ್ಣು ಕಾಣಬೇಕು

ಗಾಜಿನ ಅಕ್ಕನ ಎರಡೂ ಅಂಗೈಗಳಲ್ಲಿ ಅಡ್ಡಕ್ಕೆ ಒಂದೊಂದು ಗೀರಿತ್ತು; ಹಗ್ಗ ಎಳೆದೆಳೆದು ಬಿದ್ದದ್ದು. ಲಾರಿಯ ಮುಂಗಾಜಿನ ಸುತ್ತ ರಬ್ಬರ್ ಪಟ್ಟಿ ಹಾಕಿ, ಅದರ ಸಂದಿನಲ್ಲಿ ಹಗ್ಗ ಕೂರಿಸಿ, ಸೋಪಿನ ನೀರು ಸವರುತ್ತಿದ್ದಳು. ಹೊರಗಿನಿಂದ ಇಬ್ಬರು ಗಾಜನ್ನು ಒತ್ತಿ ಹಿಡಿದರೆ ಅಕ್ಕ ಒಳಗೆ ಕೂತು ಹಗ್ಗ ಎಳೆಯುವಳು. ರಬ್ಬರಿನ ಅಂಚು ಮಗುಚಿಕೊಂಡು ಗಾಜು ತನ್ನ ಜಾಗದಲ್ಲಿ ಕೂರುತ್ತಿತ್ತು. ಗಂಡ ತೀರಿದ ಮೇಲೆ, ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿದ್ದ ಗಾಜಿನ ಅಂಗಡಿ ಮುಚ್ಚು ಎಂದವರಿಗೆ, "ಸೀರಿ ಉಟ್ಟಾಕಿ ಎಳದ್ರ ಹಗ್ಗ ಬರಂಗಿಲ್ಲೇನು?" ಎಂದಿದ್ದಳಂತೆ.

ನನ್ನ ಯಜಮಾನರು ಸಿರುಗುಪ್ಪದ ಅಕ್ಕಿ ಸಾಗಿಸುವ ಲಾರಿಯ ಡ್ರೈವರ್. ಒಮ್ಮೆ ಕಲ್ಲು ಸಿಡಿದು ಅವರ ಎದುರಿನ ಗಾಜು ಬಿರುಕು ಬಿಟ್ಟಿತು. ಲಾರಿಯ ಸಾಹುಕಾರರು ಹಾಗೇ ಓಡಿಸು ಎಂದರು. ನಾನು ಮಾಡಿದ್ದೇನು? ಬಸವಣ್ಣನ ಅಂಟುಚಿತ್ರ ತಂದು ಸರಿಯಾಗಿ ಆ ಬಿರುಕಿನ ಮೇಲೇ ಅಂಟಿಸಿ, ವಿಭೂತಿ ಹಚ್ಚಿ, ಇನ್ನು ಭಾರ ಅವನದೇ ಎಂದು ನಿಶ್ಚಿಂತೆಯಿಂದ ಇದ್ದುಬಿಟ್ಟೆ.

ಬಿರುಕು ಚಿತ್ರದ ಆಚೆಗೂ ಹರಿದಾಗ ಸಾಹುಕಾರರು ಸೀಳಿಗೆ ಗಮ್ಮು ತುಂಬಿಸಲು ಲಾರಿಯನ್ನು ಅಕ್ಕನ ಅಂಗಡಿಗೆ ತರಿಸಿ, ತಾವೂ ಬಂದು ನಿಂತರು. ಬಳ್ಳಾರಿಯಲ್ಲಿ ಕೆಲಸವಿದ್ದುದರಿಂದ ನಮ್ಮೂರು ಕುರುಗೋಡಿನಿಂದ ನಾನೂ ಆ ಲಾರಿಯಲ್ಲೇ ಬಂದಿದ್ದೆ. ಅಕ್ಕ ಯಜಮಾನರನ್ನು ಸೀಟಿನಲ್ಲಿ ಕೂರಿಸಿ, ನನ್ನನ್ನು ಲಾರಿಯ ಎದುರು ನಿಲ್ಲಿಸಿದಳು.

"ತಂಗಿ, ಗಂಡನ ಕಣ್ಣು ಎಷ್ಟು ಕಾಣ್ತಾವ?"

"ಒಂದ ಅಕ್ಕ. ಇನ್ನೊಂದರ ಮ್ಯಾಲೆ ಬಸವಣ್ಣ ಅದಾನ."

"ಹಂಗಾರ ಲಾರಿ ಬಸವಣ್ಣ ಹೊಡಿತಾನೇನು?"

ನಗು ಬಂತು, ಹಿಂದೆಯೇ ಎದೆ ಝಲ್ಲೆಂದಿತು. ಅಕ್ಕ ಚಿತ್ರವನ್ನು ನೆನೆಸಿ, ಹರಿಯದಂತೆ ಬಿಡಿಸಿ ನನ್ನ ಸೆರಗಿಗೆ ಹಾಕಿದಳು. ಅಡಿಯಲ್ಲಿ ಗಾಜು ಜೇಡರ ಬಲೆಯಾಗಿತ್ತು.

"ಸೌಕಾರ್ರ, ಇದಕ್ಕ ಗಮ್ಮು ನಿಲ್ಲಂಗಿಲ್ಲ. ಗಾಜ ಬದ್ಲಿ ಮಾಡ್ಬೇಕು."

"ಇವತ್ತ ಲೋಡು ಹೋಗ್ಬೇಕು. ಹೇಳಿದಷ್ಟು ಮಾಡು."

ಅಕ್ಕ ಲಾರಿಯ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೂಕ್ಕೊಂಡು ಹೋಗ್ರಿ."

ಸಾಹುಕಾರರು ಯಜಮಾನರತ್ತ ತಿರುಗಿದರು. "ಲೇ, ಕೀಲಿ ಇಸ್ಕ. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ಯಜಮಾನರು ತಲೆ ತಗ್ಗಿಸಿದರು. ಸಾಹುಕಾರರೆದುರು ನಾನು ಎಂದೂ ಬಾಯಿ ತೆರೆದವಳಲ್ಲ. ಅಂದು ಮುಂದಿನ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. "ಕೆಲ್ಸ ಹೋದ್ರ ಹೋಗ್ಲಿ ಬಿಡ್ರಿ. ಗಾಜು ಕೂಡೋಮಟ ನಾ ಏಳಂಗಿಲ್ಲ."

"ಇಬ್ರೂ ಕೂಡಿ ಏನರ ಮಾಡ್ಕೊಂಡು ಸಾಯ್ರಿ!" ಎಂದು ಅವರು ಚಹಾದಂಗಡಿಗೆ ನಡೆದರು. ಅದೇ ಒಪ್ಪಿಗೆ. ಹೊಸ ಗಾಜು ಬಂದಾಗ ಅಕ್ಕ ನನ್ನನ್ನು ಎಬ್ಬಿಸಿ, ಲಾರಿಯೊಳಗೆ ಪಕ್ಕದಲ್ಲಿ ಕೂರಿಸಿಕೊಂಡು ಹಗ್ಗದ ಒಂದು ತುದಿಯನ್ನು ನನ್ನ ಕೈಗಿಟ್ಟಳು. "ಎಳಿ. ದೇವರಿಗೆ ಕೈ ಮುಗಿಯೋ ಕೈ ಇದನ್ನೂ ಮಾಡ್ತಾವ."

ಕೆಲಸ ಉಳಿಯಿತು, ಅದೊಂದು ಕರುಣೆ. ಯಜಮಾನರು ಪ್ರತಿ ಸಲವೂ ಮನೆಗೆ ಮರಳುತ್ತಾರೆ, ಅದು ಇನ್ನೊಂದು. ಅಕ್ಕ ಹೋದ ವರ್ಷ ತೀರಿಕೊಂಡಳು. ಬಸವಣ್ಣ ಈಗ ಡ್ರೈವರ್ ಸೀಟಿನ ಬೆನ್ನಿಗಿದ್ದಾನೆ. ಲಾರಿ ಹೊರಡುವಾಗಲೆಲ್ಲ ನಾನು ಎದುರು ನಿಲ್ಲುತ್ತೇನೆ. ಓಣಿಯವರು ನಗಲಿ, ಸಾಹುಕಾರರು ಫೋನಿನಲ್ಲಿ ಕೂಗಾಡಲಿ. ಆ ಎರಡೂ ಕಣ್ಣು ಕಾಣುವವರೆಗೆ ನಾನು ದಾರಿ ಬಿಡುವುದಿಲ್ಲ.